ಗೌರಿ ಒಪ್ಪಿದ ಕ್ರೀಮು

ಬೆಳಗ್ಗೆ ಕೊಟ್ಟಿಗೆಗೆ ಹೋದರೆ, ನಮ್ಮತ್ತೆ ನನ್ನ ಹೊಸ ಮಾಯಿಶ್ಚರೈಸರನ್ನು ಹಸು ಗೌರಿಯ ಬಿರುಕುಬಿಟ್ಟ ಕೆಚ್ಚಲಿಗೆ ಸವರುತ್ತಿದ್ದರು! ಮೂವತ್ತು ದಾಟಿದ ಮೇಲೆ ಒಣಗತೊಡಗಿದ ಮುಖಕ್ಕೆಂದು ನಂಜನಗೂಡಿನ ಅಂಗಡಿಯಲ್ಲಿ ಹತ್ತಾರು ಡಬ್ಬಿ ತಿರುವಿಹಾಕಿ, ಕೈಗೆಟಕುವ ಬೆಲೆಯ, ವಾಸನೆಯಿಲ್ಲದ್ದನ್ನು ಆರಿಸಿ ತಂದಿದ್ದೆ. ಹಿಂದಿನದು ಮುಖ ಉರಿಸಿದ್ದರಿಂದ ಇದನ್ನು ಹಚ್ಚಲು ಹೆದರಿ ಕಿಟಕಿಯಲ್ಲೇ ಇಟ್ಟಿದ್ದೆ. ಅತ್ತೆ ಅದನ್ನು ದನದ ಡಾಕ್ಟರು ಕೊಟ್ಟ ಮುಲಾಮು ಎಂದುಕೊಂಡಿದ್ದರು.

“ಅಯ್ಯೋ, ಅದು ನನ್ನ ಮುಖಕ್ಕೆ ತಂದದ್ದು ಕಣತ್ತೆ!” ಎಂದೆ.

ಅತ್ತೆ ಕೈ ನಿಲ್ಲಿಸಲಿಲ್ಲ. “ಮುಟ್ಟುದ್ರೆ ಒದೆಯೋಳು ಇವತ್ತು ಮೆಲುಕಾಕ್ತಾ ನಿಂತವ್ಳೆ ನೋಡು. ಇವ್ಳಿಗೇ ಉರೀನಿಲ್ಲ ಅಂದ್ಮೇಲೆ ನಿಂಗೂ ಉರಿಯಾಕಿಲ್ಲ, ಅಚ್ಕೊ ಕಣವ್ವ,” ಎಂದು ಬೆರಳಲ್ಲಿ ಉಳಿದದ್ದನ್ನು ನನ್ನ ಕೆನ್ನೆಗೇ ಬಳಿದರು.

ಉರಿಯಲಿಲ್ಲ. ಈಗ ಅಂಗಡಿಗೆ ಹೋದರೆ ಎರಡು ಡಬ್ಬಿ ತರುತ್ತೇನೆ. ಗೌರಿಯದೇ ಮೊದಲು ಖಾಲಿಯಾಗುತ್ತದೆ. ಅತ್ತೆಯ ಕೆನ್ನೆಯೂ ಈಚೆಗೆ ಮಿನುಗುತ್ತಿದೆ.