ಚಿಕ್ಕನಂಜಮ್ಮ ಒಪ್ಪದ ದೆವ್ವಗಳು

ಹಿತ್ತಿಲಲ್ಲಿ ತೆಂಗಿನ ಮಟ್ಟೆಯ ಹೊಗೆ ಎದ್ದರೆ ಬೆಳಿಗ್ಗೆ ಎಂಟಾಯಿತು, ಚಿಕ್ಕನಂಜಮ್ಮ ಬಂದರು ಎಂದು ಅರ್ಥ. ಆ ಹೊಗೆಯ ಹಿಂದೆ ಹರಳೆಣ್ಣೆಯ ವಾಸನೆ, ಅದರ ಹಿಂದೆ ಭಾರತೀನಗರದ ಗಾಳಿಯಲ್ಲಿ ಕಬ್ಬು ಅರೆಯುವ ಕಾಲಕ್ಕೆ ತುಂಬಿಕೊಳ್ಳುವ ಸಿಹಿ. ಹೆರಿಗೆಯಾದ ಮೇಲೆ ಐದು ತಿಂಗಳು ನನಗೆ ಸರಿಯಾಗಿ ನಿದ್ದೆಯೂ ಇರಲಿಲ್ಲ, ಸರಿಯಾಗಿ ಎಚ್ಚರವೂ ಇರಲಿಲ್ಲ. ಆ ಮಬ್ಬಿನೊಳಗೆ ಅವರು ದಿನಾ ನಡೆದುಕೊಂಡು ಬರುತ್ತಿದ್ದರು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು.

ಅವರು ಕೂಸುಗಳಿಗೆ ನೀರು ಹುಯ್ಯುವವರು. ವಯಸ್ಸು ಎಪ್ಪತ್ತರ ಹತ್ತಿರ. ಇದುವರೆಗೆ ಎಷ್ಟು ಕೂಸುಗಳಿಗೆ ಹುಯ್ದಿದ್ದೀರಿ ಎಂದು ಕೇಳಿದರೆ, "ಎಣ್ಸಬಾರ್ದು ಕಣವ್ವ, ದಿಷ್ಟಿ ಆಯ್ತದೆ" ಅನ್ನುತ್ತಿದ್ದರು. ನನ್ನ ಗಂಡ ಯತೀಶ್‌ಗೂ ಅವರೇ ನೀರು ಹುಯ್ದದ್ದು. ಅವನು ಈಗ ಕಾಲೇಜಿನಲ್ಲಿ ಮೇಷ್ಟ್ರು. ಎದುರಿಗೆ ಸಿಕ್ಕಾಗಲೆಲ್ಲ, "ಏನ್ಲಾ, ನಿನ್ ಮಚ್ಚೆ ಎಲ್ಲದೆ ಅಂತ ನಿನ್ ಕಾಲೇಜ್ ಐಕ್ಳಿಗೆ ಏಳ್ಬುಡ್ಲಾ?" ಅನ್ನುವರು. ಯತೀಶ್ ಬೈಕಿನ ಬೀಗದ ಕೈ ಹುಡುಕುವ ನೆಪದಲ್ಲಿ ಅಲ್ಲಿಂದ ಕಾಲು ಕೀಳುತ್ತಿದ್ದ.

ನಾನು ಓದಿ ಬೆಳೆದದ್ದು ಮೈಸೂರಿನಲ್ಲಿ. ಅಮ್ಮ ತೀರಿಕೊಂಡು ಆರು ವರ್ಷವಾಗಿತ್ತು, ಹಾಗಾಗಿ ಬಾಣಂತನ ಅತ್ತೆಯ ಮನೆಯಲ್ಲೇ ಆಯಿತು. ಅತ್ತೆಗೆ ಮಂಡಿನೋವು, ನೆಲಕ್ಕೆ ಕೂತರೆ ಏಳಲು ಇಬ್ಬರು ಬೇಕು. ಕೂಸಿನ ಸ್ನಾನವೆಲ್ಲ ಚಿಕ್ಕನಂಜಮ್ಮನವರದೇ. ನಾನು ಥರ್ಮಾಮೀಟರ್ ಅದ್ದಿ ನೀರಿನ ಬಿಸಿ ನೋಡುತ್ತಿದ್ದೆ. ಅವರು ಮೊಣಕೈ ಅದ್ದುತ್ತಿದ್ದರು. ಆಮೇಲೆ ಬಚ್ಚಲಲ್ಲಿ ಕಾಲು ನೀಡಿ ಕೂತು, ಮುಂಗಾಲಿನ ಮೇಲೆ ಕೂಸನ್ನು ಬೋರಲು ಮಲಗಿಸಿ ಚೊಂಬಿನಿಂದ ಹುಯ್ಯುವರು. ನನ್ನ ಕೆಲಸ ಟವೆಲ್ ಹಿಡಿದು ಹೊಸ್ತಿಲ ಮೇಲೆ ಕೂರುವುದು. ಒದ್ದೆಯಾದ ಕೂಸನ್ನು ನಾನು ಒಂದು ದಿನವೂ ಮುಟ್ಟಿರಲಿಲ್ಲ. ಸೋಪು ಹಚ್ಚಿದ ಆ ಪುಟ್ಟ ಬೆನ್ನು ನನ್ನ ಕೈಯಿಂದ ಜಾರುವುದನ್ನು ಕಣ್ಣು ಮುಚ್ಚಿದಾಗಲೆಲ್ಲ ಕಾಣುತ್ತಿದ್ದೆ.

ಮನೆಯಿಂದಲೇ ಮಾಡುತ್ತಿದ್ದ ಇನ್ನೊಂದು ಕೆಲಸವಿತ್ತು. ಒಂದು ವೆಬ್ ಪತ್ರಿಕೆಗೆ ಸಿನಿಮಾ ವಿಮರ್ಶೆ ಬರೆಯುವುದು. ಆ ತಿಂಗಳು ಸಂಪಾದಕರು ಹೊಸ ಭಯಾನಕ ಚಿತ್ರಗಳನ್ನೂ ಸರಣಿಗಳನ್ನೂ ಒಟ್ಟಿಗೆ ನೋಡಿ ಬರೆಯಿರಿ ಎಂದಿದ್ದರು. ಸಿಗುತ್ತಿದ್ದ ಬಿಡುವು ಸ್ನಾನದ ಹೊತ್ತೊಂದೇ. ಫೋನನ್ನು ಸೋಪಿನ ಡಬ್ಬಿಗೆ ಒರಗಿಸಿ ನೋಡುತ್ತಿದ್ದೆ. ಹಂಡೆಯ ಆವಿಯಲ್ಲಿ ಪರದೆ ಮಸುಕಾಗುತ್ತಿತ್ತು. ಅದರೊಳಗಿನ ದೆವ್ವ ನಮ್ಮ ಬಚ್ಚಲಿನ ಹಬೆಯಲ್ಲೇ ತೇಲುವಂತೆ ಕಾಣುತ್ತಿತ್ತು. ಚಿಕ್ಕನಂಜಮ್ಮನವರೂ ಓರೆಗಣ್ಣಲ್ಲಿ ನೋಡುವರು. ಕೂಸಿಗೆ ಅವರ ಕೈ ಸಾಕಿತ್ತು, ಕಣ್ಣು ಬೇಕಿರಲಿಲ್ಲ.

ಮೊದಲನೆಯದು ಎಂಟು ಕಂತಿನ ಸರಣಿ. ಗಂಡ, ಹೆಂಡತಿ, ಮಗಳು ಒಂದು ಹಳೇ ಬಂಗಲೆಗೆ ಬರುತ್ತಾರೆ.

"ಇವ್ರಿಗೆ ಅಕ್ಕಪಕ್ಕದೋರು ಇಲ್ವಾ?"

"ಇಲ್ಲ ಅಜ್ಜಿ. ಕಾಡಿನ ಮಧ್ಯೆ ಮನೆ."

"ಮತ್ತೆ ಆಲು ಯಾರು ಆಕ್ತಾರೆ?"

ನಾನು ಸರಣಿಯ ಲೋಕ ಯಾಕೆ ನಂಬಿಕೆ ಹುಟ್ಟಿಸುವುದಿಲ್ಲ ಎಂದು ಮೂರು ಪ್ಯಾರಾ ಬರೆದಿಟ್ಟಿದ್ದೆ. ಹಾಲು ಹಾಕುವವನ ಮಾತು ಆ ಪ್ಯಾರಾಗಳಲ್ಲಿ ಎಲ್ಲೂ ಇರಲಿಲ್ಲ.

ಮುಂದಿನ ವಾರ ಒಂದು ಸಿನಿಮಾ. ಬಿಳಿಗಣ್ಣಿನ ಹೆಂಗಸು ಎರಡು ಗಂಟೆ ಗೋಡೆ ಹತ್ತಿ ಇಳಿದಳು.

"ಏನ್ ಬೇಕಂತೆ ಅವ್ಳಿಗೆ?"

"ಎರಡನೇ ಭಾಗದಲ್ಲಿ ಹೇಳ್ತಾರಂತೆ."

"ಇಷ್ಟೊತ್ತು ಕೂಗಾಡ್ಬುಟ್ಟು ಮುಂದಿನ್ ವರ್ಸ ಏಳ್ತಾಳಾ? ನಮ್ಮೂರ್ ದೆವ್ವ ಮೈಮ್ಯಾಲೆ ಬಂದ್ ಗಳ್ಗೆಗೆ ಬಾಡೂಟ ಕೇಳ್ತದೆ. ಏನ್ ಬೇಕು ಅಂತ ಗೊತ್ತಿಲ್ದಿದ್ ಮೇಲೆ ಯಾಕವ್ವ ಬರ್ಬೇಕು?"

ಸಂಗೀತ ದಿಢೀರನೆ ಸಿಡಿದಾಗ ನಾನು ಬೆಚ್ಚಿದರೆ, "ಅದು ಎದ್ರಿಕೆ ಅಲ್ಲ. ಕುಕ್ಕರ್ ಕೂಗುದ್ರೂ ಅಂಗೇ ಬೆಚ್ತೀಯ" ಅನ್ನುವರು. ನಿಜ, ಕುಕ್ಕರಿಗೂ ಬೆಚ್ಚುತ್ತಿದ್ದೆ. ಮಲಗಿದ ಕೂಸಿನ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತಿದ್ದೆ.

ಒಂದು ಗುರುವಾರ ಅವರು ಕೂಸಿನ ತಲೆ ಒರೆಸುತ್ತಾ ಹೇಳಿದರು: "ಸೋಮ್ವಾರದಿಂದ ನಾ ಬರಕಿಲ್ಲ ಕಣವ್ವ. ನಿಡಘಟ್ಟದಲ್ಲಿ ಎಳೇಕೂಸು, ಕರ್ದವ್ರೆ. ನಿಂದು ಬಲ್ತದಲ್ಲ, ನೀನೇ ಉಯ್ಕೊ."

"ಅಯ್ಯೋ, ನನ್ನ ಕೈಲಾಗಲ್ಲ ಅಜ್ಜಿ."

ಅವರು ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿ ಕೂಸನ್ನು ಹೊಗೆಗೆ ಹಿಡಿದರು. ಅದು ಅವರ ಮಡಿಲಲ್ಲೇ ನಿದ್ದೆ ಹೋಯಿತು. ಕೋಣೆ ತುಂಬಾ ನೀಲಿ ಹೊಗೆ. ನನ್ನ ಫೋನಿನಲ್ಲಿ ಯಾವುದೋ ಬಾಗಿಲು ಕಿರುಗುಟ್ಟುತ್ತಿತ್ತು. ಅಷ್ಟರಲ್ಲಿ ಕೂಸಿನ ಕೆಳದುಟಿ ಸೊಟ್ಟಗಾಯಿತು, ನಿದ್ದೆಯಲ್ಲೇ ಬಿಕ್ಕಿತು. ನಾನು ಫೋನ್ ಆರಿಸಿಬಿಟ್ಟೆ.

"ಈ ದೆವ್ವದ ಸದ್ದಿಗೇ ಹೆದರಿದ್ದಾನೆ. ನಾನು ಇದನ್ನೆಲ್ಲ ಅವನ ಮುಂದೆ ನೋಡಬಾರದಿತ್ತು."

"ಆ ದೆವ್ವಕ್ಕೆ ಯಾರ್ ಎದ್ರುತಾರೆ, ಸುಮ್ಕಿರು. ನರಿ ಬಂದದೆ."

"ನರಿಯಾ?"

"ಊಂ. ಕನ್ಸಲ್ಲಿ ಬಂದು ಕೂಸಿನ್ ಕಿವೀಲಿ, ನಿಮ್ಮವ್ವ ಸತ್ತೋದ್ಲು ಅಂತದೆ. ಕೂಸು ಅಳ್ತದೆ. ತಡಿ, ನೋಡ್ತಿರು."

ಇಬ್ಬರೂ ಉಸಿರು ಬಿಗಿಹಿಡಿದು ನೋಡಿದೆವು. ಸೊಟ್ಟಗಾಗಿದ್ದ ತುಟಿ ಮೆಲ್ಲಗೆ ನೆಟ್ಟಗಾಯಿತು. ಆಮೇಲೆ ಒಂದು ಕೆನ್ನೆಯಲ್ಲಿ ಮಾತ್ರ ನಗು.

"ಈಗ, ಇಲ್ಲ ಇಲ್ಲ, ಅಗೋ ನಿಮ್ಮವ್ವ ಬಂದ್ಲು ಅಂದದೆ." ಚಿಕ್ಕನಂಜಮ್ಮ ಗಲ್ಲದಿಂದಲೇ ಫೋನಿನ ಕಡೆ ತೋರಿಸಿದರು. "ಎದ್ರುಸೋದು ಅಂದ್ರೆ ಇಂಗೆ. ಒಂದ್ಸತಿ ಅತ್ಲಾಗೆ, ಒಂದ್ಸತಿ ಇತ್ಲಾಗೆ. ನಿನ್ ಪಿಚ್ಚರ್‌ನೋರು ಸತ್ತೋದ್ಲು ಸತ್ತೋದ್ಲು ಅಂತ ಒಂದೇ ಸಮ್ನೆ ಅರಚ್ತಾರೆ. ಬಂದ್ಲು ಅನ್ನೋದೇ ಇಲ್ಲ. ಕೇಳೀ ಕೇಳೀ ಕಿವಿ ಜಡ್ಡಾಗೋಯ್ತದೆ."

ನನಗೆ ನಗು ಬಂತು. ಯಾಕೋ ಕೇಳಿದೆ: "ನರಿ ಬೇರೇನೂ ಹೇಳಲ್ವಾ ಅಜ್ಜಿ? ನಿಮ್ಮಮ್ಮ ಕೈ ಜಾರಿಸ್ತಾಳೆ, ಕಿವಿಗೆ ನೀರು ಹೋಗತ್ತೆ, ಅವಳಿಗೇನೂ ಬರಲ್ಲ ಅಂತ?"

"ಇಲ್ಲ ಕಣವ್ವ. ಕೂಸಿಗಿರೋದು ಅದೊಂದೇ ಎದ್ರಿಕೆ, ಅದ್ಕೇ ನರಿ ಅದೊಂದೇ ಕಲ್ತದೆ. ಮಿಕ್ಕಿದ್ದೆಲ್ಲ ನಿಂದು."

ಮಾರನೆಯ ದಿನವೂ ನಾನು ಟವೆಲ್ ಹಿಡಿದೇ ಕೂತೆ. ಶನಿವಾರವೂ. ಭಾನುವಾರ ಅವರು ಹೊಸ್ತಿಲ ಮೇಲೆ ನನ್ನ ಜಾಗದಲ್ಲಿ ಕೂತುಬಿಟ್ಟರು. "ಆ ಬಂಗ್ಲೆದು ಉಳ್ದಿತ್ತಲ್ಲ, ಆಕು. ಆಲಿನೋನು ಬಂದ್ನಾ ನೋಡಾಮ."

ಬೇರೆ ದಾರಿ ಇರಲಿಲ್ಲ. ಕೊನೆಯ ಕಂತು ಹಾಕಿಕೊಟ್ಟು ನಾನು ಬಚ್ಚಲಿಗೆ ಇಳಿದು ಕಾಲು ನೀಡಿದೆ. ಥರ್ಮಾಮೀಟರ್ ಒಳಗೇ ಉಳಿದಿತ್ತು. ಮೊಣಕೈ ಅದ್ದಿದೆ. ಮೊದಲ ಚೊಂಬಿಗೆ ಕೂಸು ಮೈ ಬಿಗಿ ಮಾಡಿತು, ಎರಡನೆಯದಕ್ಕೆ ಸಡಿಲವಾಯಿತು. ಅದರ ಭಾರ ನನ್ನ ಮೂಳೆಗಳ ಮೇಲೆ ಬೆಚ್ಚಗೆ ಕೂತಿತು. ತಿರುಗಿಸುವಾಗ ಒಂದು ಬೆರಳಷ್ಟು ಜಾರಿತು.

"ಕಂಕ್ಳು ಇಡ್ಕೊ" ಎಂದರು ಚಿಕ್ಕನಂಜಮ್ಮ. ಅವರ ಕಣ್ಣು ಪರದೆಯ ಮೇಲೇ ಇತ್ತು. ಸ್ನಾನ ಮುಗಿಯುವವರೆಗೂ ಅವರು ನಮ್ಮ ಕಡೆ ತಿರುಗಿ ನೋಡಲಿಲ್ಲ.

"ಹಾಲಿನವನು ಬಂದನಾ ಅಜ್ಜಿ?"

"ಎಲ್ ಬತ್ತಾನೆ. ಮನೇನೇ ಸುಟ್ಟಾಕುದ್ರು."

ಸೋಮವಾರ ಹಿತ್ತಿಲಲ್ಲಿ ಮಟ್ಟೆ ಹೊತ್ತಿಸಿದ್ದು ನಾನೇ. ಹೊಗೆ ಜಾಸ್ತಿಯಾಗಿ ಅತ್ತೆ ಒಳಗಿನಿಂದ ಕೆಮ್ಮಿದರು. ಸ್ನಾನವಾಯಿತು, ಸಾಂಬ್ರಾಣಿಯೂ ಆಯಿತು. ಮಧ್ಯೆ ಎರಡು ಸಲ ಚೊಂಬು ಕೆಳಗಿಟ್ಟು ಕೂಸಿನ ಕಂಕುಳನ್ನು ಮತ್ತೆ ಹಿಡಿದುಕೊಂಡೆ. ಕೂಸು ಮಡಿಲಲ್ಲಿ ಮಲಗಿದ ಮೇಲೆ ಬರೆದಿಟ್ಟಿದ್ದ ಮೂರು ಪ್ಯಾರಾ ಅಳಿಸಿ ಹೊಸದಾಗಿ ಶುರು ಮಾಡಿದೆ: ಈ ಮನೆಗೆ ಹಾಲು ಯಾರು ಹಾಕುತ್ತಾರೆ ಎಂದು ನಿರ್ದೇಶಕರು ಒಮ್ಮೆಯಾದರೂ ಯೋಚಿಸಬೇಕಿತ್ತು.

ಅಷ್ಟರಲ್ಲಿ ಕೂಸಿನ ಕೆಳದುಟಿ ಸೊಟ್ಟಗಾಯಿತು. ನಾನು ಫೋನ್ ಪಕ್ಕಕ್ಕಿಟ್ಟೆ. ಅದನ್ನು ಎಬ್ಬಿಸಲಿಲ್ಲ, ಮೂಗಿಗೆ ಬೆರಳೂ ಇಡಲಿಲ್ಲ. ನರಿ ಎರಡನೆಯ ಮಾತು ಹೇಳಲಿ ಎಂದು ಕಾಯುತ್ತಾ ಕೂತೆ.