ಖಾಲಿ ಅಂದರೆ ಕೆಳಗೆ

ನನ್ನ ಸೊಸೆ ಡಾಕ್ಟರು. ಧಾರವಾಡದಲ್ಲಿ ಎಂಬಿಬಿಎಸ್ ಮುಗಿಸಿ, ಪುಣೆಯಲ್ಲಿ ಮುಂದಿನ ಓದಿಗೆ ಸೇರಿದ ವರ್ಷವೇ ಅಲ್ಲಿದ್ದ ನಮ್ಮ ಮನೆ ತುಂಬಿದವಳು. ಓದಿನ ನಡುವೆ ಕೆಲವು ತಿಂಗಳ ಮಟ್ಟಿಗೆ ಪುಣೆ ಹತ್ತಿರದ ಭೋರ್ ಕಡೆಯ ಸಣ್ಣ ಆಸ್ಪತ್ರೆಯ ಕೆಲಸಕ್ಕೆ ಹಾಕಿದರು. ಊಟಕ್ಕೆ ತೊಂದರೆಯಾಗಬಾರದೆಂದು ನಾನೂ ಜೊತೆಗೆ ಹೋದೆ.

ಅಲ್ಲಿ ಸ್ಕ್ಯಾನಿಂಗ್ ಮಷೀನು ಇತ್ತು, ಕಲಿಸುವವರು ಇರಲಿಲ್ಲ. ಅವಳ ಕಾಲೇಜಿನ ಸರ್ ಪುಣೆಯ ಶಿವಾಜಿನಗರದಲ್ಲಿ ಕಂಪ್ಯೂಟರಿನ ಮುಂದೆ ಕೂತು ಇವಳ ಕೈ ತಿದ್ದುತ್ತಿದ್ದರು. ಹೊಟ್ಟೆಗೆ ಪೆಟ್ಟು ಬಿದ್ದವರಿಗೆ ಒಳಗೆ ರಕ್ತ ನಿಂತಿದೆಯೇ ಎಂದು ನೋಡುವ ಸ್ಕ್ಯಾನ್ ಅದು. ಒಮ್ಮೆ ಪರೀಕ್ಷೆ ಕೊಟ್ಟು ಫೇಲಾಗಿದ್ದಳು. ಈ ಸಲವೂ ಸರ್ ಹೂಂ ಅನ್ನದಿದ್ದರೆ ರೋಗಿಗಳ ಮೈಮೇಲೆ ಅವಳು ಮಷೀನು ಇಡುವಂತಿಲ್ಲ. ಬಂದವರನ್ನೆಲ್ಲ ನೋಡದೆಯೇ ಪುಣೆಗೆ ಸಾಗಹಾಕಬೇಕು. ಹಾಗೆ ಕಳಿಸಿದ ದಿನ ಅವಳಿಗೆ ಅನ್ನ ಸೇರುತ್ತಿರಲಿಲ್ಲ.

ಪರೀಕ್ಷೆಗೆ ಆರೋಗ್ಯವಂತರ ಹೊಟ್ಟೆಯೊಂದು ಬೇಕಿತ್ತು. ಒಪ್ಪಿಕೊಂಡಿದ್ದ ಆಯಾ ಬರಲಿಲ್ಲ. ನನ್ನ ಹೊಟ್ಟೆಯೇ ಗತಿಯಾಯಿತು.

“ಅತ್ತಿ, ನೀರು ಭಾಳ ಕುಡೀರಿ. ಮೂತ್ರಚೀಲ ತುಂಬಿದ್ರನ ಚಿತ್ರ ಛೊಲೋ ಬರತದ. ಮುಗಿಯೂತನಕಾ ಹೋಗೂಹಂಗಿಲ್ಲ ನೋಡ್ರಿ.”

“ಆತವಾ.”

“ಮತ್ತ ಬಾಯಿ ಬಿಡಬ್ಯಾಡ್ರಿ. ಮಲಗಿದವರು ಹೇಳಿಕೊಟ್ರ ನಡಿಯೂದಿಲ್ಲ.”

“ಸೊಸಿ ಬಂದಮ್ಯಾಲ ನಾ ಬಾಯಿ ಬಿಟ್ಟದ್ದರ ಯಾವಾಗವಾ?”

ಬೆಳಗಿನಿಂದ ಬಿಗಿದುಕೊಂಡಿದ್ದವಳು ನಕ್ಕಳು. ದೇವರ ದಯ ಅಂದುಕೊಂಡೆ.

ಕಿರಿದಾದ ಮಂಚ. ಒಂದು ಕಡೆ ಗೋಡೆ, ಇನ್ನೊಂದು ಕಡೆ ಚಿತ್ರವನ್ನು ಸರ್ ಕಂಪ್ಯೂಟರಿಗೆ ಕಳಿಸುವ ಮಷೀನು, ಮೇಲೆ ಸಲೈನ್ ಸ್ಟ್ಯಾಂಡಿಗೆ ಕಟ್ಟಿದ ಮೊಬೈಲು. ಅದರಲ್ಲಿ ಸರ್‌ಗೆ ನನ್ನ ಹೊಟ್ಟೆ, ಸೊಸೆಯ ಕೈ ಮಾತ್ರ ಕಾಣುತ್ತಿತ್ತಂತೆ. ಮುಖ ಕಾಣುವುದಿಲ್ಲವಲ್ಲ, ಅದೂ ಒಂದು ಪುಣ್ಯ. ತಣ್ಣನೆಯ ಜೆಲ್ ಹಚ್ಚಿ, ಪಕ್ಕೆಲುಬಿನ ಹತ್ತಿರ ಮಷೀನಿನ ಹಿಡಿ, ಅದೇ ಪ್ರೋಬ್, ಇಟ್ಟಳು.

“ಕಾಕು, ಶ್ವಾಸ ರೋಖಾ,” ಅಂದರು ಸರ್, ಮರಾಠಿಯಲ್ಲಿ ನನ್ನನ್ನು ಚಿಕ್ಕಮ್ಮ ಎಂದು ಕರೆದು. ಉಸಿರು ಹಿಡಿದೆ. ಬಿಡಿ ಅನ್ನುವುದನ್ನು ಮರೆತೇಬಿಟ್ಟರು. ಕಣ್ಣಿಗೆ ಕತ್ತಲೆ ಬರುವಾಗ ನಾನೇ ಮೆಲ್ಲಗೆ ಬಿಟ್ಟೆ.

ಅಲ್ಲಿಯವರೆಗೆ ಎಲ್ಲ ಸರಿಯಿತ್ತು. ಆಮೇಲೆ ಕಿಬ್ಬೊಟ್ಟೆ. ಸರ್ ಇಂಗ್ಲಿಷಿನಲ್ಲಿ ಕಲಿಸುವವರು, ಅವಸರ ಬಿದ್ದರೆ ಮರಾಠಿಗೆ ಇಳಿಯುತ್ತಿದ್ದರು.

“ಖಾಲಿ, ಖಾಲಿ.”

ಮರಾಠಿಯಲ್ಲಿ ಖಾಲಿ ಅಂದರೆ ಕೆಳಗೆ. ಪುಣೆಯ ಕಾಯಿಪಲ್ಲೆ ಮಂಡಿ ತಿರುಗಿ ತಿರುಗಿ ನಾನದನ್ನು ಕಲಿತಿದ್ದೆ. ಇವಳು ಹೊಸಬಳು, ಕನ್ನಡದ ಖಾಲಿ ಅಂತಲೇ ತಿಳಿದಳು.

“ನೋ ಸರ್, ಫುಲ್!”

“ಅಗಂ, ಖಾಲಿ!”

“ಇಟ್ಸ್ ಫುಲ್ ಸರ್!” ಎಂದು ಇನ್ನಷ್ಟು ಒತ್ತಿದಳು. ಫುಲ್ಲೋ ಖಾಲಿಯೋ ನನಗೆ ಗೊತ್ತು! ಅವಳ ಕೈ ಹೊಕ್ಕಳಿನ ಕಡೆಗೆ, ಮೇಲಕ್ಕೇ ಸರಿಯತೊಡಗಿತು. ಆ ಕಡೆ ಸರ್ ನಿಟ್ಟುಸಿರು ಬಿಟ್ಟರು. ನಾನು ಏಳುವಂತಿಲ್ಲ, ಹೋಗುವಂತಿಲ್ಲ, ಒಂದು ಮಾತು ಹೇಳುವಂತಿಲ್ಲ. ದೇವರನ್ನು ಕರೆಯಬಾರದೆಂದು ಯಾರೂ ಹೇಳಿರಲಿಲ್ಲ. ಪುಣೆ ಕಡೆಯವರ ದೇವರು, ಜೇಜುರಿಯ ಖಂಡೋಬನೇ ನಮಗೆ ಮೈಲಾರಲಿಂಗ.

“ಮೈಲಾರಲಿಂಗಾ, ಕೆಳಗ ನೋಡಪ್ಪಾ... ಇನ್ನೂ ಕೆಳಗ!”

ಅವಳ ಕೈ ನಿಂತಿತು. ಪ್ರೋಬ್ ಸರ್ರನೆ ಕೆಳಗೆ ಜಾರಿತು.

“ಹಾಂ, ಬರೋಬರ್! ಕಾಕು ಕಾಯ್ ಮ್ಹಣಾಲ್ಯಾ?” ನಾನು ಏನಂದೆ ಎಂದು ಕೇಳುತ್ತಿದ್ದರು.

ಪ್ರಾರ್ಥನೆ ಅಂದರೆ ಸಾಕಿತ್ತು. ಸುಳ್ಳೂ ಆಗುತ್ತಿರಲಿಲ್ಲ. ಈ ಹುಡುಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಳು: ಖಾಲಿ ಅಂದರೆ ನಮ್ಮಲ್ಲಿ ಬರಿದು, ನನಗೆ ತಿಳಿಯಲಿಲ್ಲ, ಅತ್ತೆ ಹೇಳಿಕೊಟ್ಟರು. ಮುಗಿಯಿತು, ಎಲ್ಲಾ ನೀರುಪಾಲು ಅಂದುಕೊಂಡೆ. ಆಮೇಲೆ ಸರ್ ಮೆತ್ತಗೆ, ತಪ್ಪು ನನ್ನದೂ ಇದೆ ಅಂದರು. ಆದರೆ ಇದನ್ನು ಲೆಕ್ಕಕ್ಕೆ ಹಿಡಿಯಲಾಗದು, ಮೊದಲಿನಿಂದ ಮಾಡು.

ಮೊದಲಿನಿಂದ! ಮತ್ತೆ ಜೆಲ್, ಮತ್ತೆ ಉಸಿರು. ಸೆರಗಿನ ತುದಿ ಕಚ್ಚಿಕೊಂಡು ಮಲಗಿದೆ. ಪರೀಕ್ಷೆ ನಿಲ್ಲಿಸಲಿಲ್ಲವಲ್ಲ, ಅಷ್ಟು ಸಾಕು ತಂದೆ ಎಂದು ಮನಸ್ಸಿನಲ್ಲೇ ಕೈಮುಗಿದೆ. ಈ ಸಲ ಸರ್ ಹೆಚ್ಚು ಮಾತಾಡಲಿಲ್ಲ. ಪ್ರೋಬ್ ತಾನಾಗಿ ಕೆಳಗಿಳಿದು, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿತು.

“ನಾಳೆಯಿಂದ ನೀನೇ ಮಾಡು,” ಎಂದು ಇಂಗ್ಲಿಷಿನಲ್ಲಿ ಹೇಳಿ ಸರ್ ಫೋನಿಟ್ಟರು.

ನಾನು ಒಂದು ಕಾಲು ನೆಲಕ್ಕಿಟ್ಟಿದ್ದೆ. ಅವಳು ಭುಜ ಹಿಡಿದಳು.

“ಅತ್ತಿ, ಇನ್ನೊಂದ ಸಲಾ ಮಲಕೋರಿ. ನಾಳೆ ಯಾರರ ಪೆಟ್ಟ ಬಿದ್ದು ಬಂದ್ರ ಸರ್ ಇರಂಗಿಲ್ಲಲ್ರಿ. ಯಾರೂ ನೋಡಲಾರದಾಗ ನಾ ಒಬ್ಬಾಕೀನ ಒಮ್ಮೆ ಮಾಡತೇನ್ರಿ.”

“ಲಗೂನ ಮುಗಸವಾ,” ಎಂದು ಕಾಲು ಮೇಲೆತ್ತಿಕೊಂಡೆ.