ಒಂದು ಕೋಲು, ನಾಲ್ಕು ಕಲ್ಲು, ಸ್ವಲ್ಪ ಹೊತ್ತು

ನಮ್ಮ ವಿಜ್ಞಾನದ ಟೀಚರ್ ಕನ್ನಡಕಕ್ಕೆ ಒಂದೇ ಕಾಲು. ಇನ್ನೊಂದು ಯಾವಾಗಲೋ ಮುರಿದು, ಆ ಜಾಗಕ್ಕೆ ಲ್ಯಾಬಿನ ತಾಮ್ರದ ತಂತಿ ಬಂದಿತ್ತು. ಯೋಚನೆ ಹತ್ತಿದಾಗಲೆಲ್ಲ ಅದನ್ನು ಕಿವಿಗೆ ಇನ್ನೊಂದು ಸುತ್ತು ಸುತ್ತಿಕೊಳ್ಳುತ್ತಿದ್ದರು. ತಲೆಯೊಳಗಿನ ಕರೆಂಟು ಹೊರಗೆ ಹರಿಯದಿರಲೆಂದೇ ಆ ಏರ್ಪಾಡು ಎಂದು ನಾನು ಇಡೀ ಒಂಬತ್ತನೇ ಕ್ಲಾಸನ್ನು ನಂಬಿಸಿದ್ದೆ. ಗುಡುಗಿದರೆ ಮೊದಲ ಬೆಂಚಿನವರು ಹಿಂದಕ್ಕೆ ಜರುಗುತ್ತಿದ್ದರು.

ಅವರ ಮನೆ ಸೊರಬದಲ್ಲಿ, ಶಾಲೆ ನಮ್ಮ ಶಿಕಾರಿಪುರದಲ್ಲಿ. ಆಗ ಇಂಟರ್‌ನೆಟ್ ಅನ್ನುವುದನ್ನು ನಾವು ಕೇಳಿದ್ದೆವು, ಕಂಡಿರಲಿಲ್ಲ. ಬೇರೆ ಬೇರೆ ಊರಿನ ಮೇಷ್ಟ್ರುಗಳು ಸೇರಿ ತಲಾ ಒಂದೊಂದು ಪಾಠ ಬರೆದು ಅದರಲ್ಲಿ ಹಾಕುತ್ತಾರಂತೆ, ಯಾವ ಊರಿನ ಮಕ್ಕಳು ಬೇಕಾದರೂ ತೆಗೆದು ಓದಬಹುದಂತೆ. ಟೀಚರ್‌ಗೆ ಅದೇ ವರ್ಷ ನಿವೃತ್ತಿ. ಅಷ್ಟರೊಳಗೆ ನೆರಳಿನ ಬಗ್ಗೆ ತಾವು ಬರೆದ ಪಾಠ ಅಲ್ಲಿ ಸೇರಬೇಕೆಂದು ಅವರಿಗೆ ಬಲು ಆಸೆ.

ಪಾಠ ಹೀಗೇ ಇರಬೇಕೆಂದು ಆ ಗುಂಪಿನವರು ಅಚ್ಚು ಕೊಟ್ಟಿದ್ದರು: ಉದ್ದೇಶ, ಸಾಮಗ್ರಿ, ವಿಧಾನ, ಫಲಿತಾಂಶ. ಟೀಚರ್ ಅದರ ಮೇಲೆ ತಮ್ಮದೊಂದು ಪರೀಕ್ಷೆ ಇಟ್ಟುಕೊಂಡಿದ್ದರು. ಬರೆದ ಪ್ರತಿ ಸಾಲನ್ನೂ ಒಬ್ಬರು ಅವರ ಮುಂದೆ ಮಾಡಿ ತೋರಿಸಬೇಕು.

"ಬರ್ದಷ್ಟೇ ಮಾಡು. ನಿನ್ ಬುದ್ಧಿ ಸೇರಿಸ್ಬೇಡ," ಎನ್ನುತ್ತಿದ್ದರು.

ಆ ಹುದ್ದೆಗೆ ಇಡೀ ತಾಲ್ಲೂಕಿನಲ್ಲಿ ನನ್ನಷ್ಟು ಯೋಗ್ಯರು ಯಾರಿದ್ದರು? ಕೋಲು ನೆಡಿ ಎಂದಿತ್ತು, ನೆಟ್ಟೆ. ನೆರಳಿನ ತುದಿಗೆ ಕಲ್ಲಿಡಿ ಎಂದಿತ್ತು. ಯಾವುದರ ನೆರಳು ಎಂದಿರಲಿಲ್ಲ. ನಾನು ಟೀಚರ್ ನೆರಳಿನ ತುದಿಗೇ ಇಟ್ಟೆ. ಅವರು ಹೆಜ್ಜೆ ಹಾಕಿದಂತೆಲ್ಲ ಹಿಂದೆ ಹೋಗಿ ಇನ್ನೊಂದಿಟ್ಟೆ. ಸ್ಟಾಫ್ ರೂಮಿನ ಬಾಗಿಲ ತನಕ ಕಲ್ಲಿನ ಮೆರವಣಿಗೆ. ಹೆಡ್‌ಮಾಸ್ಟರ್ ಎಡವಿದ ರಭಸಕ್ಕೆ ಮೈಲಿಗಟ್ಟಲೆ ದೂರದ ಈಸೂರಿನಲ್ಲಿ ದನಗಳು ಬೆಚ್ಚಿದವು ಅನ್ನಿ.

ಟೀಚರ್ ಬೈಯಲಿಲ್ಲ. "ಲೇ ನಾಟ್ಕದ ರಾಣಿ, ತಪ್ಪು ನಿಂದಲ್ಲ," ಎಂದು, ಕಾಗದದಲ್ಲಿ 'ಕೋಲಿನ' ಎಂದು ಸೇರಿಸಿದರು.

ಕಡೆಯ ಸಾಲು, 'ನೆರಳಿನ ಪಕ್ಕ ಸುಮ್ಮನೆ ಕೂರಿ'. ನನ್ನ ಪಾಲಿಗೆ ಅದು ಶಿಕ್ಷೆ. ಆದರೂ ಕೂತೆ. ಮೊದಲು ಏನೂ ಆಗಲಿಲ್ಲ. ಆಮೇಲೆ ನೆರಳು ಇರುವೆಗಿಂತ ಮೆಲ್ಲಗೆ ಕಲ್ಲನ್ನು ದಾಟಿತು. ನೋಡುತ್ತ ನೋಡುತ್ತ ನೆರಳು ನಿಂತೇ ಇದೆ, ಸರಿಯುತ್ತಿರುವುದು ನಾವು ಅನ್ನಿಸತೊಡಗಿತು. ಫೀಲ್ಡು, ಬೇವಿನ ಮರ, ಸಾಲಾಗಿ ನಿಂತ ಸೈಕಲ್ಲುಗಳು, ಕ್ಲಾಸಿನೊಳಗಿನ ಮಗ್ಗಿಯ ರಾಗ, ಎಲ್ಲವನ್ನೂ ಮಡಿಲಲ್ಲಿಟ್ಟುಕೊಂಡು ನೆಲ ತೊಟ್ಟಿಲ ಹಾಗೆ ತಿರುಗುತ್ತಿತ್ತು. ಬೆಲ್ಲು ಹೊಡೆದದ್ದು ನನಗೆ ಕೇಳಲೇ ಇಲ್ಲ.

ಪಾಠ ವಾಪಸ್ ಬಂತು. ಸುಮ್ಮನೆ ಕೂರುವುದು ಚಟುವಟಿಕೆಯಲ್ಲವಂತೆ. ವಿಧಾನದಿಂದ ಆ ಸಾಲು ತೆಗೆದರೆ ಮಾತ್ರ ಸೇರಿಸುತ್ತಾರಂತೆ.

ಶನಿವಾರ ಶಾಲೆ ಬಿಟ್ಟ ಮೇಲೆ ಟೀಚರ್ ನನ್ನನ್ನೂ ಸೊರಬದ ಬಸ್ಸು ಹತ್ತಿಸಿದರು. ಬಸ್ ಸ್ಟ್ಯಾಂಡಿನ ಹತ್ತಿರದ ಕಂಪ್ಯೂಟರ್ ಕ್ಲಾಸಿನಲ್ಲಿ ಪಾಠ ಟೈಪ್ ಮಾಡಿಕೊಡುವ ಹುಡುಗ ಆ ಸಾಲಿಗೆ ಬಂದು ನಿಂತ.

"ಅಳಿಸ್ಲೇನ್ರೀ ಮೇಡಂ?"

ಟೀಚರ್ ತಂತಿ ಸುತ್ತಿಕೊಂಡರು. "ಅದು ಹೋದ್ರೆ ಉಳಿಯೋದು ಬರೀ ಕೋಲು ಕಣಪ್ಪ," ಎಂದರು. ದನಿ ಸಣ್ಣಗಾಗಿತ್ತು.

ಎಲ್ಲರೂ ಸಪ್ಪಗಿದ್ದರೆ ನನ್ನ ನಾಲಿಗೆ ತುರಿಸುತ್ತದೆ. "ಸಾಮಗ್ರಿಗೆ ಹಾಕ್ಬಿಡಿ ಟೀಚರ್. ಒಂದು ಕೋಲು, ನಾಲ್ಕು ಕಲ್ಲು, ಸುಮ್ನೆ ಕೂರಕ್ಕೆ ಸ್ವಲ್ಪ ಹೊತ್ತು," ಎಂದೆ.

ಹುಡುಗ ನಕ್ಕ. ಟೀಚರ್ ನಗಲಿಲ್ಲ. ನನ್ನನ್ನೇ ನೋಡಿದರು. "ಹಾಕಪ್ಪ," ಎಂದರು.

ಪಾಠ ಸೇರಿತು. ಸಾಮಗ್ರಿಯ ಬಗ್ಗೆ ಆ ಗುಂಪಿನವರು ಚಕಾರ ಎತ್ತಲಿಲ್ಲ. ಆ ಶನಿವಾರ ವಾಪಸ್ ಬರುವ ಬಸ್ಸಿನಲ್ಲೇ ಅಷ್ಟೂ ಪ್ರಯಾಣಿಕರಿಗೆ ಇಂಟರ್‌ನೆಟ್ ನಡೆಸುವವಳು ನಾನೇ ಎಂದು ಗೊತ್ತಾಗಿತ್ತು.

ನಿವೃತ್ತಿಯಾಗಿ ವರ್ಷ ತುಂಬುವ ಮೊದಲೇ ಟೀಚರ್ ತೀರಿಕೊಂಡರು. ಕ್ಲಾಸಿನವರೆಲ್ಲ ಸೊರಬಕ್ಕೆ ಹೋದೆವು. ನಮ್ಮಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಟೀಚರ್ ಅಂಗಳದಲ್ಲಿ ಕೂತಿದ್ದರು, ಹಣೆ ತುಂಬ ವಿಭೂತಿ, ಕಿವಿಗೆ ಅದೇ ತಂತಿ. ಗೆಳತಿಯರು ಕಲ್ಲಿನ ಮೆರವಣಿಗೆಯ ಕಥೆ ಹೇಳೆಂದು ಮೊಣಕೈಯಿಂದ ತಿವಿದರು. ನನ್ನ ಹತ್ತಿರ ಅದು ಇನ್ನೂ ಉದ್ದವಾಗಿ ತಯಾರಿತ್ತು.

ಶಾಮಿಯಾನದ ಕಂಬದ ನೆರಳು ಅವರ ಮುಂದೆ ಬಿದ್ದಿತ್ತು. ಅದರ ತುದಿಗೆ ಒಂದು ಕಲ್ಲಿಟ್ಟು ಪಕ್ಕದಲ್ಲಿ ಕೂತೆ.

ಬರೆದಷ್ಟೇ ಮಾಡಿದೆ.